ಮಸಲ್ ಶೋಲ್ಸ್‌ನ ಹಾಡುಗಳಿಗೆ ನುಡಿಸಿದವರು ಯಾರು?

ಪ್ರಶ್ನೆ: ಸರ್, ನಾನು ಶಿವಮೊಗ್ಗದವನು. ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತೇನೆ. ನಾವು ನಾಲ್ಕು ಜನ ಗೆಳೆಯರು ಸೇರಿ ಊರಲ್ಲೇ ಒಂದು ಸಣ್ಣ ಸ್ಟುಡಿಯೊ ಮಾಡಬೇಕು ಅಂದುಕೊಂಡಿದ್ದೇವೆ. ಬೆಂಗಳೂರಿಗೆ ಹೋಗದೆ ಏನೂ ಆಗಲ್ಲ ಅಂತ ಎಲ್ಲರೂ ಹೇಳ್ತಾರೆ. ಆದರೆ ಅಮೆರಿಕದ ಅಲಬಾಮ ರಾಜ್ಯದಲ್ಲಿ ಮಸಲ್ ಶೋಲ್ಸ್ ಎಂಬ ಚಿಕ್ಕ ಊರಿಗೆ ದೊಡ್ಡ ದೊಡ್ಡ ಗಾಯಕರೇ ಹುಡುಕಿಕೊಂಡು ಬರುತ್ತಿದ್ದರಂತೆ. ಅಲ್ಲಿಯ ನದಿ ನೀರಿನಲ್ಲೇ ಸಂಗೀತ ಇದೆ ಅಂತಲೂ ಕೇಳಿದೆ. ನಿಜಕ್ಕೂ ಅಲ್ಲಿ ಏನಿತ್ತು? ನುಡಿಸಿದವರಿಗೆ ಏನು ಸಿಕ್ಕಿತು?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನು ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಬೆಂಗಳೂರಿನ ಸ್ಟುಡಿಯೊಗಳಲ್ಲಿ ಬೇಸ್ ಗಿಟಾರ್ ನುಡಿಸಿದ್ದೇನೆ. ಆ ವಾದ್ಯದ ಅರ್ಧ ಪಾಠ ನನಗೆ ಸಿಕ್ಕಿದ್ದು ಮಸಲ್ ಶೋಲ್ಸ್‌ನ ರೆಕಾರ್ಡುಗಳಿಂದ. ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ, ಟೇಪು ಸವೆಯುವ ತನಕ ಒಂದೇ ಹಾಡು ಕೇಳುತ್ತಿದ್ದೆ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಮೊದಲು ನೀರಿನ ವಿಷಯ ಮುಗಿಸಿಬಿಡೋಣ. ಟೆನೆಸ್ಸಿ ನದಿಯ ದಡದಲ್ಲಿ ನಾಲ್ಕು ಊರುಗಳು ಒಂದಕ್ಕೊಂದು ಅಂಟಿಕೊಂಡಿವೆ. ಫ್ಲಾರೆನ್ಸ್, ಶೆಫೀಲ್ಡ್, ಟಸ್ಕಂಬಿಯ ಮತ್ತು ಮಸಲ್ ಶೋಲ್ಸ್. ಹೊರಗಿನವರು ನಾಲ್ಕನ್ನೂ ಸೇರಿಸಿ ಮಸಲ್ ಶೋಲ್ಸ್ ಅಂತಲೇ ಕರೆಯುತ್ತಾರೆ. ಈ ನದಿ ಹಾಡುತ್ತದೆ ಎಂಬ ಕತೆ ಅಲ್ಲಿಯ ಮೂಲನಿವಾಸಿಗಳಿಂದ ಬಂದದ್ದು. ಚೆಂದದ ಕತೆ. ಬ್ಲೂಸ್ ಸಂಗೀತವನ್ನು ಕಾಗದಕ್ಕೆ ಇಳಿಸಿ ಜಗತ್ತಿಗೆ ಕೊಟ್ಟ ಡಬ್ಲ್ಯು. ಸಿ. ಹ್ಯಾಂಡಿ 1873ರಲ್ಲಿ ಹುಟ್ಟಿದ್ದು ಫ್ಲಾರೆನ್ಸ್‌ನಲ್ಲಿ. ಎಲ್ವಿಸ್ ಪ್ರೆಸ್ಲಿಯ ಮೊದಲ ರೆಕಾರ್ಡ್ ಮಾಡಿದ ಸ್ಯಾಮ್ ಫಿಲಿಪ್ಸ್ ಹುಟ್ಟಿದ್ದೂ ಅಲ್ಲೇ ಪಕ್ಕದಲ್ಲಿ, 1923ರಲ್ಲಿ. ಇದನ್ನೆಲ್ಲ ನೀರಿನ ಮಹಿಮೆಗೆ ಸಾಕ್ಷಿ ಅಂತ ಹೇಳುತ್ತಾರೆ. ನನಗೆ ಅದು ತಿರುಗುಮುರುಗಾಗಿ ಕಾಣುತ್ತದೆ. ಇಬ್ಬರೂ ಊರು ಬಿಟ್ಟು ಮೆಂಫಿಸ್‌ಗೆ ಹೋದ ಮೇಲೆಯೇ ಹೆಸರು ಮಾಡಿದ್ದು. ನೀರೇ ಸಾಕಾಗಿದ್ದರೆ ಊರು ಬಿಡಬೇಕಾಗಿರಲಿಲ್ಲ, ಅಲ್ವಾ? ಆಗ ಊರಲ್ಲಿ ಇರದೇ ಇದ್ದದ್ದು ಒಂದು ಕೋಣೆ, ಆ ಕೋಣೆಯಲ್ಲಿ ದಿನಾ ಬಂದು ಕೂರುವ ಒಂದಿಷ್ಟು ಜನ.

ಆ ಕೋಣೆ ಕಟ್ಟಿದವರು ರಿಕ್ ಹಾಲ್. ತೀರಾ ಬಡತನದಲ್ಲಿ ಬೆಳೆದವರು. ಚಿಕ್ಕ ವಯಸ್ಸಿನಲ್ಲೇ ತಮ್ಮ ಬಿಸಿನೀರಿಗೆ ಬಿದ್ದು ತೀರಿಕೊಂಡ, ತಾಯಿ ಮನೆ ಬಿಟ್ಟು ಹೋದರು. ಮುಂದೆ ಮೊದಲ ಹೆಂಡತಿ ಕಾರು ಅಪಘಾತದಲ್ಲಿ ಹೋದರು. ಇಷ್ಟೆಲ್ಲ ಕಂಡ ಮನುಷ್ಯ ಸುಮ್ನೆ ಕೂರುವವರಲ್ಲ. 1959ರಲ್ಲಿ ಇಬ್ಬರು ಗೆಳೆಯರ ಜೊತೆ ಫ್ಲಾರೆನ್ಸ್‌ನ ಒಂದು ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಹಾಡುಗಳ ವ್ಯವಹಾರ ಶುರು ಮಾಡಿದರು. ಹೆಸರು ಫ್ಲಾರೆನ್ಸ್ ಅಲಬಾಮ ಮ್ಯೂಸಿಕ್ ಎಂಟರ್‌ಪ್ರೈಸಸ್, ಚಿಕ್ಕದಾಗಿ ಫೇಮ್. ಸ್ವಲ್ಪ ದಿನದಲ್ಲೇ ಜೊತೆಗಾರರು ಬೇರೆಯಾದರು. ಹೆಸರು ಹಾಲ್ ಪಾಲಿಗೆ ಉಳಿಯಿತು.

ಹಾಲ್ ಹೋಗಿ ಒಂದು ಹಳೆಯ ತಂಬಾಕು ಗೋದಾಮಿನಲ್ಲಿ ಸ್ಟುಡಿಯೊ ಮಾಡಿದರು. ಶೆಫೀಲ್ಡ್‌ನ ಹೋಟೆಲೊಂದರಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುತ್ತಿದ್ದ ಆರ್ಥರ್ ಅಲೆಕ್ಸಾಂಡರ್ ಎಂಬ ಯುವಕ 1961ರಲ್ಲಿ ಅಲ್ಲಿ 'ಯು ಬೆಟರ್ ಮೂವ್ ಆನ್' ಹಾಡಿದ. ಹಾಡು ಓಡಿತು. ಮುಂದೆ ಇಂಗ್ಲೆಂಡಿನ ರಾಕ್ ತಂಡ ರೋಲಿಂಗ್ ಸ್ಟೋನ್ಸ್ ಕೂಡ ಅದನ್ನು ಹಾಡಿದರು. ಆ ದುಡ್ಡಿನಲ್ಲೇ ಹಾಲ್ ಮಸಲ್ ಶೋಲ್ಸ್‌ನ ಈಸ್ಟ್ ಅವಲಾನ್ ಅವೆನ್ಯೂದಲ್ಲಿ ಸ್ವಂತ ಕಟ್ಟಡ ಎಬ್ಬಿಸಿದರು. ಫೇಮ್ ಇವತ್ತಿಗೂ ಅಲ್ಲೇ ಇದೆ.

ಈಗ ನಿಮಗೆ ಬೇಕಾದ ಭಾಗಕ್ಕೆ ಬರುತ್ತೇನೆ. ಹಾಲ್ ಹತ್ತಿರ ಮೊದಲು ಇದ್ದ ತಂಡದಲ್ಲಿ ಡೇವಿಡ್ ಬ್ರಿಗ್ಸ್, ನಾರ್ಬರ್ಟ್ ಪಟ್ನಮ್, ಜೆರಿ ಕ್ಯಾರಿಗನ್ ಇದ್ದರು. ಇನ್ನೂ ಹುಡುಗರು, ಆದರೆ ಕೈ ಪಳಗಿತ್ತು. ಅವರು 1964ರ ಹೊತ್ತಿಗೆ ಜಾಸ್ತಿ ಕೆಲಸ, ಜಾಸ್ತಿ ಸಂಬಳ ಹುಡುಕಿ ನ್ಯಾಶ್ವಿಲ್‌ಗೆ ಹೊರಟುಬಿಟ್ಟರು. ನಿಮ್ಮೂರಿನ ಕತೆಯೂ ಇದೇ ತಾನೇ? ಒಳ್ಳೆಯ ಕೈ ಇದ್ದವನು ಬೆಂಗಳೂರು ಬಸ್ಸು ಹತ್ತುತ್ತಾನೆ. ಹಾಲ್ ಆಗ ಸ್ಟುಡಿಯೊ ಮುಚ್ಚಲಿಲ್ಲ. ಸುತ್ತಮುತ್ತ ಕಾಲೇಜು ಪಾರ್ಟಿಗಳಲ್ಲಿ ನುಡಿಸುತ್ತಿದ್ದ ಇನ್ನಷ್ಟು ಹುಡುಗರನ್ನು ಕರೆದು ಕೂರಿಸಿದರು. ಡ್ರಮ್ಸ್‌ಗೆ ರಾಜರ್ ಹಾಕಿನ್ಸ್. ಗಿಟಾರಿಗೆ ಜಿಮ್ಮಿ ಜಾನ್ಸನ್. ಸ್ಟುಡಿಯೊದ ಚಿಲ್ಲರೆ ಕೆಲಸದಿಂದ ಹಿಡಿದು ರೆಕಾರ್ಡಿಂಗ್ ಮೆಷಿನ್ ತನಕ ಎಲ್ಲವನ್ನೂ ಅವರು ಅಲ್ಲೇ ಕಲಿತರು. ಕೀಬೋರ್ಡಿಗೆ ಸ್ಪೂನರ್ ಓಲ್ಡಮ್, ಆಮೇಲೆ 1967ರಿಂದ ಬ್ಯಾರಿ ಬೆಕೆಟ್. ಬೇಸ್‌ಗೆ ಡೇವಿಡ್ ಹುಡ್. ಅವರ ಅಪ್ಪನದು ಟೈರ್ ಅಂಗಡಿ. ಹಾಕಿನ್ಸ್, ಜಾನ್ಸನ್, ಹುಡ್, ಬೆಕೆಟ್, ಈ ನಾಲ್ವರಿಗೆ ಆಮೇಲೆ ಸ್ವಾಂಪರ್ಸ್ ಎಂಬ ಹೆಸರು ಬಂತು. ಜೌಗು ನೆಲದವರು ಎಂಬ ಅರ್ಥ.

ಹೊರಗಿನ ಗಾಯಕರು ಬರಲು ಶುರುವಾದದ್ದು ಒಂದು ಹಾಡಿನಿಂದ. ಶೆಫೀಲ್ಡ್‌ನಲ್ಲಿ ಕ್ವಿನ್ ಐವಿ ಎಂಬುವರ ಪುಟ್ಟ ಸ್ಟುಡಿಯೊ ಇತ್ತು. ಅವರದು ರೆಕಾರ್ಡ್ ಅಂಗಡಿಯೂ ಇತ್ತು. 1966ರ ಶುರುವಿನಲ್ಲಿ ಅಲ್ಲಿ ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಪರ್ಸಿ ಸ್ಲೆಜ್ 'ವೆನ್ ಎ ಮ್ಯಾನ್ ಲವ್ಸ್ ಎ ವುಮನ್' ಹಾಡಿದರು. ಆ ಹಾಡಿನ ಶುರುವಿನಲ್ಲಿ ಕೇಳುವ ಆರ್ಗನ್ ಸ್ಪೂನರ್ ಓಲ್ಡಮ್‌ರದು. ಚರ್ಚಿನ ದೊಡ್ಡ ಆರ್ಗನ್ ಅಲ್ಲ, ಫಾರ್ಫೀಸಾ ಎಂಬ ಅಗ್ಗದ ವಾದ್ಯ. ಡ್ರಮ್ಸ್ ಹಾಕಿನ್ಸ್‌ರದು. ಮೆಷಿನ್ ಮುಂದೆ ಕೂತವರು ಜಾನ್ಸನ್. ರಿಕ್ ಹಾಲ್ ಆ ಟೇಪ್ ಬಗ್ಗೆ ನ್ಯೂಯಾರ್ಕಿನ ಅಟ್ಲಾಂಟಿಕ್ ರೆಕಾರ್ಡ್ಸ್‌ನ ಜೆರಿ ವೆಕ್ಸ್ಲರ್‌ಗೆ ಫೋನ್ ಮಾಡಿದರು. ಹಾಡು ದೇಶಕ್ಕೆಲ್ಲ ನಂಬರ್ ಒನ್ ಆಯಿತು.

ವೆಕ್ಸ್ಲರ್‌ಗೆ ಆಗ ಒಂದು ಕೋಣೆ ಬೇಕಾಗಿತ್ತು. ಅವರು ಅಲ್ಲಿಯ ತನಕ ಗಾಯಕರನ್ನು ಮೆಂಫಿಸ್‌ನ ಸ್ಟಾಕ್ಸ್ ಸ್ಟುಡಿಯೊಗೆ ಕರೆದುಕೊಂಡು ಹೋಗುತ್ತಿದ್ದರು. ಸ್ಟಾಕ್ಸ್‌ನವರು ಹೊರಗಿನವರಿಗೆ ಬಾಗಿಲು ಹಾಕಿದರು. ಹಾಗೆ ವೆಕ್ಸ್ಲರ್ 1966ರಲ್ಲಿ ವಿಲ್ಸನ್ ಪಿಕೆಟ್‌ರನ್ನು ಫೇಮ್‌ಗೆ ಕರೆತಂದರು. 'ಲ್ಯಾಂಡ್ ಆಫ್ 1000 ಡಾನ್ಸಸ್' ಮತ್ತು 'ಮಸ್ಟಾಂಗ್ ಸ್ಯಾಲಿ' ಅಲ್ಲಿಯೇ ಆದವು. 'ಮಸ್ಟಾಂಗ್ ಸ್ಯಾಲಿ' ಟೇಕ್, ಅಂದರೆ ಒಂದೇ ಓಟದ ರೆಕಾರ್ಡಿಂಗ್, ಅದ್ಭುತವಾಗಿ ಬಂತು, ಎಲ್ಲರೂ ಕುಣಿಯುವ ಹೊತ್ತಿಗೆ ಟೇಪು ರೀಲಿನಿಂದ ಚಿಮ್ಮಿ ತುಂಡುತುಂಡಾಗಿ ನೆಲಕ್ಕೆ ಬಿತ್ತು. ಕೋಣೆ ಸ್ತಬ್ಧ. ಎಂಜಿನಿಯರ್ ಟಾಮ್ ಡೌಡ್ ಎಲ್ಲರಿಗೂ ಅರ್ಧ ಗಂಟೆ ಹೊರಗೆ ಹೋಗಿ ಬನ್ನಿ ಎಂದರು. ನೆಲದಿಂದ ತುಂಡುಗಳನ್ನು ಆರಿಸಿ, ಒಂದೊಂದನ್ನೇ ಜೋಡಿಸಿ ಅಂಟಿಸಿದರು. ನಾವು ಇವತ್ತು ಕೇಳುವುದು ಆ ಅಂಟಿಸಿದ ಟೇಪನ್ನೇ. ಟೇಪಿನ ಕಾಲ ಕಂಡ ನನ್ನಂಥವರಿಗೆ ಈ ಕತೆ ಓದಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ.

ಮುಂದಿನ ಜನವರಿಯಲ್ಲಿ, ಅಂದರೆ 1967ರಲ್ಲಿ, ಗಾಯಕಿ ಅರೀಥಾ ಫ್ರಾಂಕ್ಲಿನ್ ಬಂದರು. ಅವರು ಅಲ್ಲಿಯ ತನಕ ಕೊಲಂಬಿಯಾ ರೆಕಾರ್ಡ್ ಕಂಪನಿಯಲ್ಲಿ ಆರು ವರ್ಷ ಕಳೆದಿದ್ದರು. ಚೆನ್ನಾಗಿ ಹಾಡುತ್ತಿದ್ದರು, ಆದರೆ ತಮ್ಮದು ಅನ್ನುವ ದನಿ ರೆಕಾರ್ಡಿನಲ್ಲಿ ಸಿಕ್ಕಿರಲಿಲ್ಲ. ಫೇಮ್‌ನಲ್ಲಿ 'ಐ ನೆವರ್ ಲವ್ಡ್ ಎ ಮ್ಯಾನ್' ಹಾಡಿಗೆ ಕೂತರು. ಹಾಡು ಮೂರು ಮಾತ್ರೆಯ ನಡೆ. ಎಲ್ಲರೂ ಪ್ರಯತ್ನ ಮಾಡುತ್ತಾರೆ, ಏನೂ ಕೂರುತ್ತಿಲ್ಲ. ಎಲ್ಲಿಂದ ಹಿಡಿಯಬೇಕೋ ಯಾರಿಗೂ ತಿಳಿಯುತ್ತಿಲ್ಲ. ಆಗ ಸ್ಪೂನರ್ ಓಲ್ಡಮ್ ವುರ್ಲಿಟ್ಜರ್ ಎಲೆಕ್ಟ್ರಿಕ್ ಪಿಯಾನೊ ಮೇಲೆ ಒಂದು ಚಿಕ್ಕ ತುಣುಕು ನುಡಿಸಿದರು. ಕೆಲವೇ ಸ್ವರ, ನಡುವೆ ಜಾಗ ಬಿಟ್ಟು ಬಿಟ್ಟು. ಅಷ್ಟೇ. ಎಲ್ಲರಿಗೂ ದಾರಿ ಕಂಡಿತು. ಡ್ರಮ್ಸ್ ಬಂತು, ಬೇಸ್ ಬಂತು, ಅರೀಥಾ ಪಿಯಾನೊ ಮುಂದೆ ಕೂತು ಹಾಡಿದರು. ಅದು ಅವರ ಬದುಕು ತಿರುಗಿದ ದಿನ.

ನೀವು ಕೀಬೋರ್ಡಿನವರು, ದಯವಿಟ್ಟು ಆ ಹಾಡಿನ ಮೊದಲ ಹತ್ತು ಸೆಕೆಂಡ್ ಮಾತ್ರ ಇಪ್ಪತ್ತು ಸಲ ಕೇಳಿ. ಎರಡು ಕೈಯಲ್ಲಿ ತುಂಬಿ ನುಡಿಸುವ ಅಭ್ಯಾಸ ನಮ್ಮ ಆರ್ಕೆಸ್ಟ್ರಾದವರಿಗೆ ಇದೆ. ಓಲ್ಡಮ್ ಅಲ್ಲಿ ಎಷ್ಟು ಕಡಿಮೆ ನುಡಿಸಿದ್ದಾರೆ ನೋಡಿ. ಆ ಖಾಲಿ ಜಾಗದಲ್ಲೇ ಅರೀಥಾ ದನಿಗೆ ಕೂರಲು ಮಣೆ ಸಿಕ್ಕಿದ್ದು.

ಅದೇ ದಿನ ಕೆಟ್ಟದ್ದೂ ಆಯಿತು. ಅದನ್ನು ಮುಚ್ಚಿಟ್ಟು ಬರೀ ಮಧುರ ಕತೆ ಹೇಳಿದರೆ ತಪ್ಪಾಗುತ್ತದೆ. ಕಪ್ಪು ಜನರೂ ಇರುವ ಹಾರ್ನ್ (ಟ್ರಂಪೆಟ್, ಸ್ಯಾಕ್ಸೊಫೋನ್ ಥರದ ಊದುವ ವಾದ್ಯ) ತಂಡ ಬೇಕು ಅಂತ ವೆಕ್ಸ್ಲರ್ ಮೊದಲೇ ಕೇಳಿದ್ದರು. ಬಂದದ್ದು ಪೂರ್ತಿ ಬಿಳಿಯರ ತಂಡ. ಕುಡಿತ ನಡೆಯಿತು. ಹಾರ್ನ್ ನುಡಿಸುವವರೊಬ್ಬರಿಗೂ ಅರೀಥಾ ಅವರ ಆಗಿನ ಗಂಡನಿಗೂ ಮಾತಿಗೆ ಮಾತು ಬೆಳೆಯಿತು. ರಾತ್ರಿ ರಿಕ್ ಹಾಲ್ ಸರಿಮಾಡಲು ಅಂತ ಹೋಟೆಲಿಗೆ ಹೋದರು, ಅಲ್ಲಿ ಕೈ ಕೈ ಮಿಲಾಯಿಸುವ ತನಕ ಹೋಯಿತು. ಬೆಳಗಾದರೆ ಅರೀಥಾ ಊರಲ್ಲಿಲ್ಲ. ಎರಡನೇ ಹಾಡು ಅರ್ಧಕ್ಕೆ ನಿಂತಿತ್ತು. ಮುಂದೆ ವೆಕ್ಸ್ಲರ್ ಏನು ಮಾಡಿದರು ಗೊತ್ತಾ? ಆ ಹುಡುಗರನ್ನೇ ನ್ಯೂಯಾರ್ಕಿಗೆ ಕರೆಸಿಕೊಂಡರು. ಅರೀಥಾ ಅವರ 'ರೆಸ್ಪೆಕ್ಟ್' ಆದದ್ದು ಫೆಬ್ರವರಿಯಲ್ಲಿ, ನ್ಯೂಯಾರ್ಕಿನಲ್ಲಿ. ಆದರೆ ಡ್ರಮ್ಸ್ ಹಾಕಿನ್ಸ್, ಗಿಟಾರ್ ಜಾನ್ಸನ್, ಆರ್ಗನ್ ಓಲ್ಡಮ್. ಊರು ಬದಲಾಯಿತು, ನದಿ ಇಲ್ಲ, ಹಾಡು ಮಾತ್ರ ಅದೇ ಗಟ್ಟಿ. ನೀರಿನ ಮಾತಿಗೆ ಇದಕ್ಕಿಂತ ಉತ್ತರ ಬೇಕೇ?

ಇಲ್ಲಿ ಆ ಕಾಲದ ಅಲಬಾಮ ಹೇಗಿತ್ತು ಅನ್ನುವುದೂ ನೆನಪಿರಲಿ. 1963ರಲ್ಲಿ ಆ ರಾಜ್ಯದ ಗವರ್ನರ್ ಜಾರ್ಜ್ ವಾಲೆಸ್ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ನೋಡಿದ್ದರು. ವಿಲ್ಸನ್ ಪಿಕೆಟ್ ಮೊದಲ ಸಲ ವಿಮಾನದಲ್ಲಿ ಇಳಿಯುವಾಗ ಕೆಳಗೆ ಹತ್ತಿ ಹೊಲಗಳಲ್ಲಿ ತಮ್ಮ ಜನ ಹತ್ತಿ ಬಿಡಿಸುವುದನ್ನು ಕಂಡು ವಾಪಸು ಹೋಗಿಬಿಡೋಣ ಅಂದುಕೊಂಡಿದ್ದರಂತೆ. ಅಂಥ ಊರಿನ ಒಂದು ಕೋಣೆಯಲ್ಲಿ ಕಪ್ಪು ಗಾಯಕರು, ಬಿಳಿ ವಾದ್ಯಗಾರರು ಒಟ್ಟಿಗೆ ಕೂತು ಬೆವರು ಸುರಿಸಿದ್ದು ದೊಡ್ಡ ಮಾತು. ಆದರೆ ಕೋಣೆಯ ಬಾಗಿಲು ದಾಟಿದರೆ ಊರು ಅದೇ ಊರು. ಅರೀಥಾ ಅವರ ಆ ಒಂದು ದಿನದಲ್ಲಿ ಎರಡೂ ಇವೆ.

ಈಗ ಕೆಲಸ ಹೇಗೆ ನಡೆಯುತ್ತಿತ್ತು ಅಂತ ಹೇಳುತ್ತೇನೆ, ಇದು ನಿಮಗೆ ನೇರ ಉಪಯೋಗಕ್ಕೆ ಬರುತ್ತದೆ.

ಬರೆದಿಟ್ಟ ನೊಟೇಶನ್ ಇರುತ್ತಿರಲಿಲ್ಲ. ಗಾಯಕರೋ ಹಾಡು ಬರೆದವರೋ ಬಂದು ಒಂದು ಸಲ ಹಾಡಿ ತೋರಿಸುತ್ತಾರೆ, ಇಲ್ಲಾ ಒಂದು ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಹಾಕುತ್ತಾರೆ. ವಾದ್ಯದವರು ಅದನ್ನು ಕೇಳುತ್ತ ಒಂದು ಹಾಳೆಯಲ್ಲಿ ಅಂಕಿ ಬರೆದುಕೊಳ್ಳುತ್ತಾರೆ. ನ್ಯಾಶ್ವಿಲ್ ನಂಬರ್ ಪದ್ಧತಿ ಅನ್ನುತ್ತಾರೆ. ನಮಗೆ ಇದು ಕಷ್ಟವೇ ಇಲ್ಲ. ಷಡ್ಜದ ಮೇಲೆ ನಿಲ್ಲುವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) 1. ಮಧ್ಯಮದ ಮೇಲಿನದು 4. ಪಂಚಮದ ಮೇಲಿನದು 5. ಹಾಡುವವರು ಬಂದು 'ನನಗೆ ಅರ್ಧ ಮನೆ ಮೇಲೆ ಬೇಕು' ಅಂದರೆ ಹಾಳೆ ಹರಿಯಬೇಕಾಗಿಲ್ಲ. ನಾವು ಶ್ರುತಿ ಬದಲಿಸಿದರೂ ಸರಿಗಮ ಬದಲಾಗುವುದಿಲ್ಲವಲ್ಲ, ಹಾಗೆ. ನಿಮ್ಮ ನಾಲ್ವರೂ ಇದನ್ನು ಒಂದು ವಾರದಲ್ಲಿ ಕಲಿಯಬಹುದು.

ಆಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಹುಡುಕುತ್ತಾರೆ. ಒಬ್ಬ ಒಂದು ತುಣುಕು ನುಡಿಸುತ್ತಾನೆ, ಇನ್ನೊಬ್ಬ ಅದಕ್ಕೆ ಜಾಗ ಬಿಡುತ್ತಾನೆ. ಬೇಸ್ ಮತ್ತು ಡ್ರಮ್ಸ್‌ನ ಕಾಲಿನ ಪೆಟ್ಟು ಒಂದೇ ಉಸಿರಿನಲ್ಲಿ ಬೀಳಬೇಕು. ಬಿತ್ತೋ, ಮೇಲೆ ಏನು ಕಟ್ಟಿದರೂ ನಿಲ್ಲುತ್ತದೆ. ಇದು ಒಂದು ದಿನದಲ್ಲಿ ಬರುವುದಿಲ್ಲ. ಹಾಕಿನ್ಸ್ ಎಲ್ಲಿ ಒಂದು ಕೂದಲೆಳೆ ಹಿಂದೆ ನಿಲ್ಲುತ್ತಾರೆ ಅನ್ನುವುದು ಹುಡ್‌ಗೆ ಗೊತ್ತಾಗಬೇಕಾದರೆ ವರ್ಷಗಟ್ಟಲೆ ಪಕ್ಕದಲ್ಲಿ ಕೂರಬೇಕು. ರಿಕ್ ಹಾಲ್ ಬಲು ಕಠಿಣ. ಸರಿ ಬರುವ ತನಕ ಟೇಕ್ ಮೇಲೆ ಟೇಕ್ ಕೇಳುತ್ತಿದ್ದರು. ಸಂಜೆಯಾಯಿತು ಮನೆಗೆ ಹೋಗೋಣ ಅನ್ನುವ ಮಾತಿಲ್ಲ. ಆ ಚಿಕ್ಕ ಊರಲ್ಲಿ ಹೋಗಲು ಬೇರೆ ಜಾಗವೂ ಇರಲಿಲ್ಲ ಅನ್ನಿ. ದೊಡ್ಡ ಊರಿನ ಸ್ಟುಡಿಯೊದಲ್ಲಿ ಗಡಿಯಾರ ಓಡುತ್ತಿರುತ್ತದೆ, ಮುಂದಿನ ಕಾಲ್‌ಶೀಟಿನವರು ಹೊರಗೆ ಕಾಯುತ್ತಿರುತ್ತಾರೆ. ಇಲ್ಲಿ ಹೊತ್ತು ಇತ್ತು. ಚಿಕ್ಕ ಊರಿನ ಆಸ್ತಿ ಅಂದರೆ ಅದೇ, ಹೊತ್ತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಮ್ಮೆ ಒಂದು ಭಕ್ತಿಗೀತೆ ಕ್ಯಾಸೆಟ್ಟಿಗೆ ಹತ್ತು ಹಾಡನ್ನು ಒಂದೇ ದಿನದಲ್ಲಿ ನುಡಿಸಿದೆ. ನಾನು ಬರುವ ಮುಂಚೆ ತಬಲಾದವರು ನುಡಿಸಿ ಹೋಗಿದ್ದರು. ನಾನು ಹೋದ ಮೇಲೆ ಕೊಳಲಿನವರು ಬಂದರು. ಹಾಡಿದವರ ಮುಖ ನಾನು ನೋಡಲೇ ಇಲ್ಲ. ಕ್ಯಾಸೆಟ್ ಬಂದಾಗ ಕೇಳಿದೆ. ತಪ್ಪು ಒಂದೂ ಇಲ್ಲ. ಆದರೆ ಯಾರೂ ಯಾರನ್ನೂ ಕೇಳಿಸಿಕೊಂಡಿರಲಿಲ್ಲ, ಅದು ಹಾಡಿನಲ್ಲಿ ಗೊತ್ತಾಗುತ್ತಿತ್ತು. ಅವತ್ತಿನಿಂದ ಮಸಲ್ ಶೋಲ್ಸ್‌ನ ಹಾಡುಗಳು ನನಗೆ ಬೇರೆಯೇ ಥರ ಕೇಳಿಸತೊಡಗಿದವು.

ಇನ್ನು ದುಡ್ಡಿನ ವಿಷಯ. ನುಡಿಸುವವರಿಗೆ ಕೂಲಿ ಸೆಷನ್ ಲೆಕ್ಕದಲ್ಲಿ. ಅಮೆರಿಕದ ವಾದ್ಯಗಾರರ ಯೂನಿಯನ್ ಪದ್ಧತಿಯಲ್ಲಿ ಒಂದು ಸೆಷನ್ ಅಂದರೆ ಮೂರು ಗಂಟೆ. ಹಾಡು ಹತ್ತು ಲಕ್ಷ ಪ್ರತಿ ಮಾರಾಟವಾದರೂ ಕೂಲಿ ಅಷ್ಟೇ. ಅಮೆರಿಕದಲ್ಲಿ ಮಾಮೂಲು ರೇಡಿಯೊದವರು ಹಾಡು ಬರೆದವರಿಗೆ ರಾಯಲ್ಟಿ ಕೊಡುತ್ತಾರೆ, ಹಾಡಿದವರಿಗೂ ನುಡಿಸಿದವರಿಗೂ ಕೊಡುವುದಿಲ್ಲ. ಇಂಟರ್ನೆಟ್ ಮತ್ತು ಉಪಗ್ರಹ ರೇಡಿಯೊ ಬಂದ ಮೇಲೆ ನೂರಕ್ಕೆ ಐದು ರೂಪಾಯಿಯಷ್ಟು ಪಾಲನ್ನು ಜೊತೆಗೆ ನುಡಿಸಿದವರಿಗೂ ಹಾಡಿದವರಿಗೂ ಅಂತ ತೆಗೆದಿಡುತ್ತಾರೆ. ಓಲ್ಡಮ್‌ರ ಆ ವುರ್ಲಿಟ್ಜರ್ ತುಣುಕು ಇಲ್ಲದಿದ್ದರೆ ಆ ಹಾಡೇ ಇಲ್ಲ. ಆದರೆ ಹಾಡು ಬರೆದವರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನಮ್ಮಲ್ಲೂ ಹಾಗೇ. ಕನ್ನಡ ಸಿನಿಮಾ ಹಾಡುಗಳು ಬಹುಕಾಲ ಮದ್ರಾಸಿನಲ್ಲಿ ರೆಕಾರ್ಡ್ ಆದವು. ನಿಮಗೆ ಬಾಯಿಪಾಠ ಇರುವ ಒಂದು ಹಳೆಯ ಹಾಡು ನೆನಪಿಸಿಕೊಳ್ಳಿ. ಹಾಡಿದವರು ಗೊತ್ತು, ಸಂಗೀತ ನಿರ್ದೇಶಕರು ಗೊತ್ತು. ಆ ಪಿಟೀಲು ನುಡಿಸಿದವರು ಯಾರು? ಆ ಗಿಟಾರ್? ನನ್ನನ್ನು ಕೇಳಿದರೆ ಇದು ಅನ್ಯಾಯ.

ಸ್ವಾಂಪರ್ಸ್‌ಗೂ ಇದು ಅರ್ಥವಾಗಿತ್ತು. 1969ರಲ್ಲಿ ರಿಕ್ ಹಾಲ್ ಕ್ಯಾಪಿಟಲ್ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಈ ನಾಲ್ವರನ್ನೂ ಕಟ್ಟಿಹಾಕಲು ನೋಡಿದರು. ಅಷ್ಟರಲ್ಲಿ ಅವರು ಬೇರೆ ತೀರ್ಮಾನ ಮಾಡಿದ್ದರು. ವೆಕ್ಸ್ಲರ್ ಸಾಲ ಕೊಟ್ಟರು. ನಾಲ್ವರೂ ಹೊರಬಂದು ಶೆಫೀಲ್ಡ್‌ನ 3614 ಜಾಕ್ಸನ್ ಹೈವೇ ಎಂಬ ವಿಳಾಸದಲ್ಲಿ ಒಂದು ಪುಟ್ಟ ಕಟ್ಟಡ ಹಿಡಿದರು. ಹಿಂದೆ ಶವಪೆಟ್ಟಿಗೆ ಮಾರುತ್ತಿದ್ದ ಜಾಗ ಅದು. ರಸ್ತೆಯ ಆಚೆ ಸ್ಮಶಾನ. ಅಲ್ಲಿ ಮಸಲ್ ಶೋಲ್ಸ್ ಸೌಂಡ್ ಸ್ಟುಡಿಯೊ ಹುಟ್ಟಿತು. ವಾದ್ಯಗಾರರೇ ಮಾಲೀಕರಾದದ್ದು ಆ ಕಾಲಕ್ಕೆ ತುಂಬಾ ಅಪರೂಪ. ಮೊದಲು ಬಂದವರಲ್ಲಿ ಗಾಯಕಿ ಶೆರ್ ಒಬ್ಬರು. ಅವರ ಆಲ್ಬಮ್ಮಿನ ಹೆಸರೇ '3614 ಜಾಕ್ಸನ್ ಹೈವೇ', ಮುಖಪುಟದಲ್ಲಿ ಅದೇ ಕಟ್ಟಡ. ಅದೇ ವರ್ಷ ಆರ್. ಬಿ. ಗ್ರೀವ್ಸ್ ಹಾಡಿದ 'ಟೇಕ್ ಎ ಲೆಟರ್ ಮರಿಯಾ' ಅವರ ಮೊದಲ ದೊಡ್ಡ ಹಿಟ್ ಆಯಿತು.

ಡಿಸೆಂಬರ್ 1969ರಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು. 2ನೇ ತಾರೀಖಿನಿಂದ 4ರ ತನಕ, ಮೂರೇ ದಿನ. 'ಬ್ರೌನ್ ಶುಗರ್', 'ವೈಲ್ಡ್ ಹಾರ್ಸಸ್', 'ಯು ಗಾಟ್ಟ ಮೂವ್', ಮೂರು ಹಾಡು. ಇಲ್ಲಿ ಒಂದು ತಪ್ಪು ತಿಳಿವಳಿಕೆ ತಿದ್ದಬೇಕು. ಆ ಹಾಡುಗಳಿಗೆ ಸ್ವಾಂಪರ್ಸ್ ನುಡಿಸಿಲ್ಲ. ಸ್ಟೋನ್ಸ್ ತಮ್ಮ ವಾದ್ಯ ತಾವೇ ನುಡಿಸಿದರು. ಮೆಷಿನ್ ಮುಂದೆ ಕೂತು ರೆಕಾರ್ಡ್ ಮಾಡಿದವರು ಜಿಮ್ಮಿ ಜಾನ್ಸನ್, ಎಂಟು ಟ್ರ್ಯಾಕಿನ, ಅಂದರೆ ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಮೆಷಿನ್‌ನಲ್ಲಿ. 'ವೈಲ್ಡ್ ಹಾರ್ಸಸ್' ಹಾಡಿನ ಪಿಯಾನೊ ಮೆಂಫಿಸ್‌ನಿಂದ ಬಂದಿದ್ದ ಜಿಮ್ ಡಿಕಿನ್ಸನ್ ಅವರದು. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಂಟಲ್ಲ, ನೂರು ಟ್ರ್ಯಾಕ್ ತೆರೆಯಬಹುದು. ಹಾಗಾಗಿ ಸಾಮಾನು ಸಾಲದು ಅನ್ನುವ ಚಿಂತೆ ಬಿಡಿ.

ನನಗೆ ತುಂಬಾ ಇಷ್ಟವಾದ ಕತೆ ಗಾಯಕ ಪಾಲ್ ಸೈಮನ್ ಅವರದು. 1972ರಲ್ಲಿ ಸ್ಟೇಪಲ್ ಸಿಂಗರ್ಸ್ ತಂಡ ಹಾಡಿ ಸ್ವಾಂಪರ್ಸ್ ನುಡಿಸಿದ 'ಐಲ್ ಟೇಕ್ ಯು ದೇರ್' ನಂಬರ್ ಒನ್ ಆಯಿತು. ಸೈಮನ್ ಅದನ್ನು ಕೇಳಿ, ಇದಕ್ಕೆ ನುಡಿಸಿದ ಕಪ್ಪು ವಾದ್ಯಗಾರರು ನನಗೂ ಬೇಕು ಅಂತ ಸ್ಟಾಕ್ಸ್ ಕಂಪನಿಯ ಆಲ್ ಬೆಲ್‌ಗೆ ಫೋನ್ ಮಾಡಿದರು. ಅವರು ಕಪ್ಪು ಜನರಲ್ಲ ಅಂತ ಬೆಲ್ ತಿಳಿಸಬೇಕಾಯಿತು. ಸೈಮನ್ ಬಂದದ್ದು ಒಂದೇ ಹಾಡಿಗೆ, 'ಟೇಕ್ ಮಿ ಟು ದ ಮಾರ್ಡಿ ಗ್ರಾ'. ಅದಕ್ಕೆ ನಾಲ್ಕು ದಿನ ಬುಕ್ ಮಾಡಿದ್ದರು. ಹಾಡು ಬೇಗನೆ ಮುಗಿದುಹೋಯಿತು. ದುಡ್ಡು ಕೊಟ್ಟಾಗಿದೆ, ದಿನ ಉಳಿದಿದೆ. ಹಾಗೆ ಉಳಿದ ಹೊತ್ತಿನಲ್ಲಿ ಆದದ್ದೇ 'ಕೋಡಕ್ರೋಮ್'. ಕಡಿಮೆ ಟೇಕಿನಲ್ಲಿ ಮುಗಿಸುವ ಕೈಗೆ ಬೆಲೆ ಯಾಕೆ ಅಂತ ಇದರಿಂದ ತಿಳಿಯುತ್ತದೆ. ಬಾಬ್ ಸೀಗರ್ ಅವರ 'ಓಲ್ಡ್ ಟೈಮ್ ರಾಕ್ ಅಂಡ್ ರೋಲ್' ಇನ್ನೊಂದು ಉದಾಹರಣೆ. ಸ್ವಾಂಪರ್ಸ್ ಸುಮ್ನೆ ಡೆಮೊಗೆ ಅಂತ ನುಡಿಸಿದ್ದರು. ಅದಕ್ಕಿಂತ ಚೆನ್ನಾಗಿ ಮತ್ತೆ ನುಡಿಸಲು ಆಗಲೇ ಇಲ್ಲ. ಆ ಡೆಮೊ ಮೇಲೆಯೇ ಸೀಗರ್ ಹಾಡಿದರು.

ರಿಕ್ ಹಾಲ್ ಕತೆ ಏನಾಯಿತು ಅಂತ ಕೇಳಬಹುದು. ಎರಡನೇ ಸಲವೂ ತಂಡ ಕೈಬಿಟ್ಟು ಹೋಯಿತು. ಅವರು ಮೂರನೇ ತಂಡ ಕಟ್ಟಿದರು, ಫೇಮ್ ಗ್ಯಾಂಗ್. ಅದರಲ್ಲಿ ಕಪ್ಪು, ಬಿಳಿ ಇಬ್ಬರೂ ಇದ್ದರು. ಕ್ಲಾರೆನ್ಸ್ ಕಾರ್ಟರ್ ಅವರ 'ಪ್ಯಾಚಸ್' 1970ರಲ್ಲಿ, ಓಸ್ಮಂಡ್ಸ್ ಅವರ 'ಒನ್ ಬ್ಯಾಡ್ ಆಪಲ್' 1971ರಲ್ಲಿ ಗೆದ್ದವು. ಕೆಲವೇ ಮೈಲಿ ದೂರದಲ್ಲಿ ಎರಡು ಸ್ಟುಡಿಯೊ, ಎರಡಕ್ಕೂ ಕೈತುಂಬಾ ಕೆಲಸ.

ಸ್ವಾಂಪರ್ಸ್ 1978ರಲ್ಲಿ ನದಿ ದಡದ ದೊಡ್ಡ ಕಟ್ಟಡಕ್ಕೆ ಹೋದರು. 1979ರ ಬಾಬ್ ಡಿಲನ್ ಆಲ್ಬಮ್ 'ಸ್ಲೋ ಟ್ರೇನ್ ಕಮಿಂಗ್' ಅಲ್ಲಿಯದು. ಆಮೇಲೆ ಕಾಲ ಬದಲಾಯಿತು, ಡ್ರಮ್ ಮೆಷಿನ್, ಸಿಂಥಸೈಜರ್ ಬಂದವು, 1985ರಲ್ಲಿ ಸ್ಟುಡಿಯೊ ಮಾರಿದರು. ಬೆಕೆಟ್ 2009ರಲ್ಲಿ, ರಿಕ್ ಹಾಲ್ 2018ರಲ್ಲಿ, ಜಾನ್ಸನ್ 2019ರಲ್ಲಿ, ಹಾಕಿನ್ಸ್ 2021ರಲ್ಲಿ ತೀರಿಕೊಂಡರು. ಫೇಮ್ ಈಗಲೂ ನಡೆಯುತ್ತಿದೆ, ಹಾಲ್ ಕುಟುಂಬದವರೇ ನೋಡಿಕೊಳ್ಳುತ್ತಾರೆ. ಜಾಕ್ಸನ್ ಹೈವೇಯ ಆ ಪುಟ್ಟ ಕಟ್ಟಡವನ್ನು ಹಳೆಯ ರೂಪದಲ್ಲೇ ದುರಸ್ತಿ ಮಾಡಿ 2017ರಲ್ಲಿ ಮತ್ತೆ ತೆರೆದರು. ಜನ ಹೋಗಿ ನೋಡಬಹುದು.

ಈಗ ನಿಮ್ಮ ಸ್ಟುಡಿಯೊ. ಮೊದಲು ದುಬಾರಿ ಮೈಕ್ ಕೊಳ್ಳಬೇಡಿ. ವಾರದಲ್ಲಿ ಎರಡು ದಿನ ಗೊತ್ತು ಮಾಡಿಕೊಂಡು ನಾಲ್ವರೂ ಒಂದೇ ಕೋಣೆಯಲ್ಲಿ ಕೂತು ನುಡಿಸಿ, ಗಿರಾಕಿ ಇರಲಿ ಬಿಡಲಿ. ಹಾಡುವವರನ್ನು ಅದೇ ಕೋಣೆಯಲ್ಲಿ ಕೂರಿಸಿಕೊಳ್ಳಿ. ಶಿವಮೊಗ್ಗದಲ್ಲಿ ಹಾಡುವವರಿಗೆ ಬರವಿಲ್ಲ. ಹೋಟೆಲಿನ ಪೆಟ್ಟಿಗೆ ಹೊರುವವನು, ಆಸ್ಪತ್ರೆ ವಾರ್ಡಿನವನು ಅಲ್ಲಿ ಸಿಕ್ಕ ಹಾಗೆ ನಿಮಗೂ ಯಾರೋ ಸಿಗುತ್ತಾರೆ. ಭಜನೆ ಮನೆಯಲ್ಲಿ, ಕಾಲೇಜು ಡೇನಲ್ಲಿ ಕಿವಿ ತೆರೆದಿಟ್ಟಿರಿ.

ಎರಡನೆಯದು, ಲೆಕ್ಕ. ರಿಕ್ ಹಾಲ್ ಸ್ಟುಡಿಯೊ ಬಾಡಿಗೆ ನಂಬಿ ಬದುಕಲಿಲ್ಲ. ಫೇಮ್ ಹಾಡುಗಳ ಹಕ್ಕನ್ನೂ ಇಟ್ಟುಕೊಳ್ಳುತ್ತಿತ್ತು. ಡ್ಯಾನ್ ಪೆನ್, ಸ್ಪೂನರ್ ಓಲ್ಡಮ್ ಸೇರಿ ಬರೆದ 'ಐಮ್ ಯುವರ್ ಪಪೆಟ್' ಥರದ ಹಾಡುಗಳು ಬರೆದವರಿಗೂ ಸ್ಟುಡಿಯೊಗೂ ಅನ್ನ ಹಾಕಿದವು. ನೀವೂ ಬರೀ ಬೇರೆಯವರ ಹಾಡಿಗೆ ಟ್ರ್ಯಾಕ್ ಮಾಡಿಕೊಡುತ್ತ ಕೂರಬೇಡಿ. ಸ್ವಂತ ಹಾಡು ಮಾಡಿ. ಸಾಹಿತ್ಯ ಬರೆದವರು, ರಾಗ ಹಾಕಿದವರು ಹಾಡು ಬರೆದವರ ರಾಯಲ್ಟಿ ವಸೂಲು ಮಾಡಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡನ್ನು ನೋಂದಾಯಿಸಿ. ನಾಲ್ವರಲ್ಲಿ ಯಾರಿಗೆ ಎಷ್ಟು ಪಾಲು ಅಂತ ಮೊದಲ ದಿನವೇ ಕಾಗದದ ಮೇಲೆ ಬರೆದು ಸಹಿ ಹಾಕಿ. ಗೆಳೆತನದಲ್ಲಿ ಕಾಗದ ಯಾಕೆ ಅನ್ನಬೇಡಿ. ಹಾಡು ಗೆದ್ದ ಮೇಲೆ ಬರೆಯಲು ಕೂತರೆ ಜಗಳವಾಗುತ್ತದೆ. ಮತ್ತೆ, ಹಾಡು ಎಲ್ಲೇ ಹಾಕಿದರೂ ನುಡಿಸಿದ ಪ್ರತಿಯೊಬ್ಬರ ಹೆಸರೂ ಹಾಕಿ. ಢೋಲಕ್ ಒಂದೇ ಸಾಲಿಗೆ ಬಂದಿದ್ದರೂ ಸರಿ.

ಯಾವ ಹಾಡಿನಿಂದ ಕೇಳಲು ಶುರು ಮಾಡಲಿ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 'ಐಲ್ ಟೇಕ್ ಯು ದೇರ್'. ನಾಲ್ವರೂ ಒಟ್ಟಿಗೆ, ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಮೊದಲ ಸಲ ಬರೀ ಡ್ರಮ್ಸ್, ಎರಡನೇ ಸಲ ಬರೀ ಬೇಸ್, ಮೂರನೇ ಸಲ ಕೀಬೋರ್ಡ್. ನಡುವೆ ಹಾಡು ನಿಂತು ವಾದ್ಯಗಳು ಒಂದೊಂದಾಗಿ ಮುಂದೆ ಬರುತ್ತವೆ. ಬೇಸ್ ಗಿಟಾರಿನ ಸರದಿ ಬಂದಾಗ ಆ ತಂಡದ ಗಾಯಕಿ ಮೇವಿಸ್ ಸ್ಟೇಪಲ್ಸ್ ಅದನ್ನು ನುಡಿಸುತ್ತಿರುವವರನ್ನು ಹೆಸರು ಹಿಡಿದು ಕರೆಯುತ್ತಾರೆ: 'ಡೇವಿಡ್, ಲಿಟ್ಲ್ ಡೇವಿಡ್'. ಟೈರ್ ಅಂಗಡಿಯವರ ಮಗ ಡೇವಿಡ್ ಹುಡ್ ಅವರೇ ಆ ಡೇವಿಡ್.